ವ್ಯಾನಿನಲ್ಲಿ ಒಂದು ರಾತ್ರಿಗೆ ಎಷ್ಟು ಬ್ಯಾಟರಿ? ಗಣಿತದ ಅಕ್ಕೋರ ಲೆಕ್ಕ

ನಮ್ಮನೆಯವರಿಗೆ ಇನ್ಸುಲಿನ್ ಬೇಡವಾಗಿದ್ದರೆ ನಾನು ಈ ಕರೆಂಟಿನ ತಲೆನೋವು ಹಚ್ಚಿಕೊಳ್ಳುತ್ತಲೇ ಇರಲಿಲ್ಲ. ಒಂದು ಚಾರ್ಜಿಂಗ್ ಲೈಟು, ಒಂದು ಬೀಸಣಿಗೆ ಇಟ್ಟುಕೊಂಡು ಊರೆಲ್ಲ ಸುತ್ತಿ ಬರುತ್ತಿದ್ದೆವು. ಆದರೆ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯ ಒಳಗೇ ಇರಬೇಕು. ಐಸ್ ತುಂಬಿದ ಡಬ್ಬಿಯಲ್ಲಿಟ್ಟರೆ ಒಂದು ಮೂಲೆಯಲ್ಲಿ ಹೆಪ್ಪುಗಟ್ಟುತ್ತದೆ, ಇನ್ನೊಂದು ಮೂಲೆಯಲ್ಲಿ ಬೆಚ್ಚಗಾಗುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಮತ್ತೆ ಬಳಸುವ ಹಾಗಿಲ್ಲ. ಹಾಗಾಗಿ ವ್ಯಾನಿಗೆ ಫ್ರಿಜ್ ಬೇಕಾಯಿತು. ಫ್ರಿಜ್‌ಗೆ ಬ್ಯಾಟರಿ ಬೇಕಾಯಿತು. ಬ್ಯಾಟರಿ ತುಂಬಲು ಏನಾದರೊಂದು ಬೇಕಾಯಿತು. ಅಲ್ಲಿಂದ ಶುರುವಾದ ಖರ್ಚು ಇದು.

ನಾನು ಶಿರಸಿಯ ಹೈಸ್ಕೂಲೊಂದರಲ್ಲಿ 31 ವರ್ಷ ಗಣಿತ ಹೇಳಿದವಳು. ನಿವೃತ್ತಿಯಾದ ಮೇಲೆ ಒಂದು ಹಳೇ ಮಾರುತಿ ಈಕೊ ತಗೊಂಡೆವು. ಹಿಂದಿನ ಜಾಗದಲ್ಲಿ ಪ್ಲೈವುಡ್ ಮಂಚ, ಅದರ ಕೆಳಗೆ ಬ್ಯಾಟರಿ, ಬಾಗಿಲ ಹತ್ತಿರ ಫ್ರಿಜ್. ಇವರು ಗಾಡಿ ಓಡಿಸುತ್ತಾರೆ, ನಾನು ಲೆಕ್ಕ ಇಡುತ್ತೇನೆ. ಎಲೆಕ್ಟ್ರಿಕಲ್ ಓದಿದವಳಲ್ಲ. ಆದರೆ ಇದರಲ್ಲಿ ಮುಕ್ಕಾಲು ಪಾಲು ಬರೀ ಗುಣಾಕಾರ, ಭಾಗಾಕಾರ. ಅದನ್ನು ಮಾಡದೆ ಅಂಗಡಿಗೆ ಹೋಗಿ ನಾನೇ ಮೂರು ಸಲ ದುಡ್ಡು ಕಳೆದುಕೊಂಡಿದ್ದೇನೆ.

ಮೊದಲು ರಾತ್ರಿಯ ಲೆಕ್ಕ

ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಎಷ್ಟು ವ್ಯಾಟಿನ ಸೋಲಾರ್ ಹಾಕಬೇಕು?" ಅದು ಕೊನೆಯ ಪ್ರಶ್ನೆ. ಮೊದಲು ನೋಡಬೇಕಾದ್ದು ದಿನಕ್ಕೆ ಎಷ್ಟು ಉಣ್ಣುತ್ತೀರಿ, ಅದರಲ್ಲೂ ಸೂರ್ಯ ಮುಳುಗಿದ ಮೇಲೆ ಎಷ್ಟು ಉಣ್ಣುತ್ತೀರಿ ಅಂತ. ಒಂದು ವಸ್ತುವಿನ ವ್ಯಾಟನ್ನು ಅದು ಓಡುವ ಗಂಟೆಗಳಿಂದ ಗುಣಿಸಿದರೆ ವ್ಯಾಟ್-ಅವರ್. ಅಂಥ ಸಾವಿರ ಸೇರಿದರೆ ಮನೆಯ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಇಷ್ಟೇ ಗೊತ್ತಿದ್ದರೆ ಸಾಕು.

ನಮ್ಮದು ಹೀಗಿದೆ. ಫ್ರಿಜ್ 12 ವೋಲ್ಟಿನದು, 35 ಲೀಟರ್, ಒಳಗೆ ಕಂಪ್ರೆಸರ್ ಇದೆ. ಓಡುವಾಗ 45 ವ್ಯಾಟ್ ಎಳೆಯುತ್ತದೆ, ಆದರೆ ಹೊತ್ತಿನಲ್ಲಿ ನೂರಕ್ಕೆ ಸುಮಾರು 40 ಪಾಲು ಮಾತ್ರ ಓಡುತ್ತದೆ. ಅಂದರೆ ಸರಾಸರಿ 18 ವ್ಯಾಟ್, 24 ಗಂಟೆಗೆ 432 ವ್ಯಾಟ್-ಅವರ್. ನೇರ ಬ್ಯಾಟರಿಯ ಕರೆಂಟಿನಲ್ಲಿ ಓಡುವ ಸಣ್ಣ ಡಿಸಿ ಫ್ಯಾನು 15 ವ್ಯಾಟ್, 9 ಗಂಟೆ, 135. ಎರಡು ಎಲ್‌ಇಡಿ ದೀಪಕ್ಕೆ 40. ಎರಡು ಮೊಬೈಲಿಗೆ 30. ಇವರ ಹಕ್ಕಿ ಫೋಟೊದ ಕ್ಯಾಮೆರಾಕ್ಕೆ 20. ನೀರಿನ ಪಂಪು ಹತ್ತು ನಿಮಿಷ, 7. ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಮೂರು ನಿಮಿಷ, ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟು ಮಾಡುವ ಇನ್ವರ್ಟರಿನ ನಷ್ಟ ಸೇರಿ 30. ಒಟ್ಟು 694. ನಾನು 700 ಅಂತ ಬರೆದಿಟ್ಟುಕೊಂಡೆ.

ಮಿಕ್ಸಿಯ ಸಾಲು ನೋಡಿ. 500 ವ್ಯಾಟಿನ ಭೂತ ಅಂತ ಹೆದರಿದ್ದೆ, ಅದು ತಿನ್ನುವುದು ಮೊಬೈಲಿನಷ್ಟೇ. ಸದ್ದಿಲ್ಲದೆ ಮೂಲೆಯಲ್ಲಿ ಕೂತ ಫ್ರಿಜ್ ಅರ್ಧಕ್ಕಿಂತ ಜಾಸ್ತಿ ನುಂಗುತ್ತದೆ. ಏಪ್ರಿಲ್‌ನಲ್ಲಿ ಹಂಪಿಗೆ ಹೋದಾಗ ಅದೇ ಫ್ರಿಜ್ 600 ದಾಟಿತು. ನೆರಳಿನಲ್ಲಿಟ್ಟು, ಮೇಲೆ ಹಳೇ ಕಂಬಳಿ ಹೊದಿಸಿ, ಗಾಳಿಯಾಡುವ ಜಾಲರಿ ಮಾತ್ರ ತೆರೆದು ಬಿಟ್ಟ ಮೇಲೆ ಸ್ವಲ್ಪ ಇಳಿಯಿತು. ಕಂಬಳಿಗೆ ದುಡ್ಡು ಕೊಡಬೇಕಾಗಿರಲಿಲ್ಲ.

ಫ್ರಿಜ್ ವಿಷಯದಲ್ಲಿ ಒಂದು ಎಚ್ಚರಿಕೆ. ಅಗ್ಗಕ್ಕೆ ಸಿಗುವ "ಕಾರ್ ಕೂಲರ್" ಡಬ್ಬಿಗಳಲ್ಲಿ ಕಂಪ್ರೆಸರ್ ಇರುವುದಿಲ್ಲ, ಪೆಲ್ಟಿಯರ್ ಅನ್ನುವ ಬಿಲ್ಲೆ ಇರುತ್ತದೆ. ಅದು ಹೊರಗಿನ ಬಿಸಿಗಿಂತ 15–20 ಡಿಗ್ರಿ ಕೆಳಗೆ ಇಳಿಸಬಲ್ಲದು, ಅಷ್ಟೇ. ಹೊರಗೆ 38 ಇದ್ದರೆ ಒಳಗೆ 18 ಸಿಕ್ಕಿದ್ದೇ ಪುಣ್ಯ. ಮೇಲಿಂದ ಬಿಡುವಿಲ್ಲದೆ ಓಡುತ್ತದೆ, 50 ವ್ಯಾಟಿನಂತೆ ದಿನಕ್ಕೆ 1200. ಎಳನೀರು ತಂಪಾಗಿಡಲು ಆದೀತು. ಔಷಧಿಗೆ ಬೇಡ.

ಎಷ್ಟು ದಿನ ಬಿಸಿಲೂ ಇಲ್ಲದೆ, ಗಾಡಿಯೂ ಓಡಿಸದೆ ನಿಲ್ಲುತ್ತೀರಿ? ನಮ್ಮದು ಎರಡು ದಿನ. ಯಾಣದ ಹತ್ತಿರವೋ ಕುದುರೆಮುಖದ ಕಡೆಯೋ ಒಂದು ಹಕ್ಕಿ ಸಿಕ್ಕಿತು ಅಂದರೆ ಇವರು ಅಲ್ಲಾಡುವುದಿಲ್ಲ. ಹಾಗಾಗಿ 700ನ್ನು ಎರಡರಿಂದ ಗುಣಿಸಿ, 1400. ಈ ಅಂಕಿ ಕೈಯಲ್ಲಿದ್ದರೆ ಅಂಗಡಿಗೆ ಹೋಗಬಹುದು.

ಯಾವ ಬ್ಯಾಟರಿ

ಗಾಡಿಯ ಬಾನೆಟ್ಟಿನದ್ದು ಅಥವಾ ಅದರಂಥ ಇನ್ನೊಂದು ಸ್ಟಾರ್ಟಿಂಗ್ ಬ್ಯಾಟರಿ ಈ ಕೆಲಸಕ್ಕಲ್ಲ. ಅದು ಎರಡು ಸೆಕೆಂಡ್ ಜೋರಾಗಿ ಕೊಟ್ಟು ಸುಮ್ಮನಾಗಲು ಮಾಡಿದ್ದು. ರಾತ್ರಿಯೆಲ್ಲ ನಿಧಾನಕ್ಕೆ ಖಾಲಿ ಮಾಡಿದರೆ ಕೆಲವೇ ತಿಂಗಳಲ್ಲಿ ಸಾಯುತ್ತದೆ.

ನಮ್ಮ ಮನೆಗಳಲ್ಲಿ ಯುಪಿಎಸ್‌ಗೆ ಇರುವ ಟ್ಯೂಬ್ಯುಲರ್ ಬ್ಯಾಟರಿ ಎಲ್ಲರಿಗೂ ಪರಿಚಯ. ನಾನೂ ಮೊದಲು ಅದನ್ನೇ ಹಾಕಿದ್ದೆ, 150 ಆಂಪ್-ಅವರ್‌ನದು (ಇದನ್ನು ವೋಲ್ಟಿನಿಂದ ಗುಣಿಸಿದರೆ ವ್ಯಾಟ್-ಅವರ್). ಎತ್ತಲು ಇಬ್ಬರು ಬೇಕು, 50 ಕಿಲೋಗಿಂತ ಮೇಲೆ. ದೇವಿಮನೆ ಘಾಟಿಯ ತಿರುವಿನಲ್ಲಿ ಆಸಿಡ್ ತುಳುಕಿ ಪ್ಲೈವುಡ್ ಸುಟ್ಟಿತು. ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ, ಅದರ ಪಕ್ಕದಲ್ಲೇ ನಾವು ಮಲಗುವುದು, ನಾನು ಗ್ಯಾಸ್ ಒಲೆ ಹಚ್ಚುವುದು. ಆ ಮೊದಲ ತಿಂಗಳು ನೆನೆಸಿಕೊಂಡರೆ ಈಗ ಹೆದರಿಕೆಯಾಗುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಟ್ಯೂಬ್ಯುಲರ್ ಕೂಡ ಲೆಡ್-ಆಸಿಡ್ ಜಾತಿಯದೇ, ಆ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಇಳಿಸಿದ್ದನ್ನು ಬೇಗ ಪೂರ್ತಿ ತುಂಬಬೇಕು. ತುಂಬುವಾಗ ಕೊನೆಯ ಐದನೇ ಒಂದು ಪಾಲು ಗಂಟೆಗಟ್ಟಲೆ ತಗೊಳ್ಳುತ್ತದೆ, ಎಷ್ಟು ದೊಡ್ಡ ಚಾರ್ಜರ್ ಇಟ್ಟರೂ ಅಷ್ಟೇ. ಮನೆಯಲ್ಲಿ ಕರೆಂಟು ಬಂದ ಮೇಲೆ ದಿನವಿಡೀ ಚಾರ್ಜಿನಲ್ಲೇ ಇರುತ್ತದೆ, ಸಮಸ್ಯೆ ಇಲ್ಲ. ವ್ಯಾನಿನಲ್ಲಿ ಹಾಗಾಗುವುದಿಲ್ಲ. ಅರ್ಧ ತುಂಬಿದ್ದರಲ್ಲೇ ದಿನ ಕಳೆಯುತ್ತದೆ, ಒಳಗೆ ಸಲ್ಫೇಟ್ ಗಟ್ಟಿಯಾಗುತ್ತದೆ. ನನ್ನದು ಒಂದು ಮಳೆಗಾಲ ಅರ್ಧ ಖಾಲಿಯಲ್ಲೇ ನಿಂತಿತ್ತು. ಒಂದೂವರೆ ವರ್ಷಕ್ಕೆ ಮುಗಿಯಿತು. ಬ್ಯಾಟರಿಯದ್ದಲ್ಲ, ನನ್ನದೇ ತಪ್ಪು.

ಈಗ ಇರುವುದು ಲಿಥಿಯಂ ಐರನ್ ಫಾಸ್ಫೇಟ್. ಅಂಗಡಿಯವರು ಎಲ್‌ಎಫ್‌ಪಿ ಅನ್ನುತ್ತಾರೆ. ಮೊಬೈಲಿನ ಲಿಥಿಯಂಗಿಂತ ಇದು ಬೇರೆ ಜಾತಿ, ಅಷ್ಟು ಬೇಗ ಉರಿದುಕೊಳ್ಳುವುದಿಲ್ಲ. ಒಂದು ಸೆಲ್ 3.2 ವೋಲ್ಟ್, ನಾಲ್ಕು ಸಾಲಾಗಿ ಸೇರಿ 12.8. ಹತ್ತನೇ ಒಂದು ಪಾಲು ಉಳಿಸಿ ಮಿಕ್ಕಿದ್ದನ್ನೆಲ್ಲ ಬಳಸಬಹುದು. ಅರ್ಧ ತುಂಬಿ ಬಿಟ್ಟರೂ ಬೇಸರಿಸಿಕೊಳ್ಳುವುದಿಲ್ಲ. ಸಾವಿರಾರು ಸಲ ತುಂಬಿ ಖಾಲಿ ಮಾಡಬಹುದು.

ನಮ್ಮ 1400ನ್ನು ಎರಡಕ್ಕೂ ಹಾಕಿ ನೋಡಿ. ಲೆಡ್-ಆಸಿಡ್‌ಗೆ ಅರ್ಧ ಮಾತ್ರ ಬಳಕೆ, ಹಾಗಾಗಿ 2800 ಬೇಕು. 12ರಿಂದ ಭಾಗಿಸಿದರೆ 233 ಆಂಪ್-ಅವರ್. ಎರಡು ದೊಡ್ಡ ಬ್ಯಾಟರಿ, ಸುಮಾರು 100 ಕಿಲೋ. ಎಲ್‌ಎಫ್‌ಪಿಗೆ 1400ನ್ನು 0.9ರಿಂದ ಭಾಗಿಸಿ, 1556. ಅದನ್ನು 12.8ರಿಂದ ಭಾಗಿಸಿ, 121. ನಾನು 120ರದ್ದು ತಗೊಂಡೆ. ತೂಕ 15 ಕಿಲೋ ಒಳಗೇ, ನಾನೊಬ್ಬಳೇ ಎತ್ತಿಡುತ್ತೇನೆ. 2023ರಲ್ಲಿ 38,000 ಕೊಟ್ಟೆ. ಟ್ಯೂಬ್ಯುಲರ್ ಒಂದಕ್ಕೆ 15,000 ಕೊಟ್ಟಿದ್ದೆ. ಎರಡು ಬೇಕಾಗುತ್ತಿತ್ತು, ಎರಡನ್ನೂ ಕೆಲವೇ ವರ್ಷಕ್ಕೆ ಬದಲಿಸಬೇಕಾಗುತ್ತಿತ್ತು. ಮನೆಗೆ ಇವತ್ತೂ ಟ್ಯೂಬ್ಯುಲರ್ ಸರಿ. ಓಡುವ ಗಾಡಿಗೆ ಅಲ್ಲ.

ಎಲ್‌ಎಫ್‌ಪಿ ಕೊಳ್ಳುವಾಗ ಒಳಗಿನ ಬಿಎಂಎಸ್ ಬಗ್ಗೆ ಮೂರು ಪ್ರಶ್ನೆ ಕೇಳಿ. ಅದು ಸೆಲ್‌ಗಳ ಕಾವಲುಗಾರ ಸರ್ಕ್ಯೂಟು. ಎಷ್ಟು ಆಂಪ್‌ವರೆಗೆ ಬಿಡುತ್ತದೆ? ಎಷ್ಟು ಆಂಪಿನಲ್ಲಿ ಚಾರ್ಜ್ ಮಾಡಬಹುದು? ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಆಗದಂತೆ ತಡೆಯುತ್ತದಾ? ಮೂರನೆಯದು ಕೇಳಿದ್ದಕ್ಕೆ ಅಂಗಡಿಯ ಹುಡುಗ ನಕ್ಕ. "ಶಿರಸಿಯಲ್ಲಿ ಐಸ್ ಬೀಳ್ತದಾ ಮೇಡಂ?" ಬೀಳುವುದಿಲ್ಲ. ಆದರೆ ಜನವರಿಯಲ್ಲಿ ಊಟಿಯಲ್ಲಿ ಹುಲ್ಲಿನ ಮೇಲೆ ಹಿಮ ಕೂರುತ್ತದೆ, ಅಲ್ಲಿಗೆ ನಾವು ಹೋಗುತ್ತೇವೆ. ತಣ್ಣಗಿರುವಾಗ ಬಳಸಿದರೆ ಪರವಾಗಿಲ್ಲ, ಚಾರ್ಜ್ ಮಾಡಿದರೆ ಸೆಲ್ ಶಾಶ್ವತವಾಗಿ ಕೆಡುತ್ತದೆ. ನಮ್ಮದು ಮಂಚದ ಕೆಳಗೆ, ನಮ್ಮ ಜೊತೆಯೇ ಬೆಚ್ಚಗಿರುತ್ತದೆ.

ಲೇಬಲ್ ನಂಬಬೇಡಿ

ಈ 120ರದ್ದಕ್ಕೆ ಮೊದಲು ಒಂದು 100 ಆಂಪ್-ಅವರ್ ಲಿಥಿಯಂ ತಂದಿದ್ದೆ. ನೀಲಿ ಪ್ಲಾಸ್ಟಿಕ್ ಸುತ್ತಿದ್ದು, ಅಗ್ಗ. ಮನೆಗೆ ತಂದು ಪೂರ್ತಿ ಚಾರ್ಜ್ ಮಾಡಿ, ಹಳೇ ಹೆಡ್‌ಲೈಟ್ ಬಲ್ಬೊಂದನ್ನು ಹಚ್ಚಿಟ್ಟೆ. 55 ವ್ಯಾಟಿನ ಬಲ್ಬು ಸುಮಾರು 5 ಆಂಪ್ ಎಳೆಯುತ್ತದೆ. 100 ಇದ್ದರೆ 20 ಗಂಟೆ ಉರಿಯಬೇಕು, ಅಲ್ವಾ? ಹದಿಮೂರೂವರೆ ಗಂಟೆಗೆ ಕತ್ತಲಾಯಿತು. ಅಂದರೆ 68. ಬಿಲ್ಲೂ ಇತ್ತು, ಗಂಟೆ ಗಂಟೆಗೆ ಬರೆದ ಪಟ್ಟಿಯೂ ಇತ್ತು. ಎರಡನ್ನೂ ಕೌಂಟರ್ ಮೇಲಿಟ್ಟೆ. ಅರ್ಧ ದಿನ ಜಗಳವಾದ ಮೇಲೆ ದುಡ್ಡು ವಾಪಸ್ ಬಂತು.

ಈ ಪರೀಕ್ಷೆ ನೀವೂ ಮಾಡಿ. ಬಲ್ಬು ಸುಡುತ್ತದೆ, ಟೈಲ್ಸ್ ತುಂಡಿನ ಮೇಲಿಡಿ. ರಾತ್ರಿ ಹಚ್ಚಿಟ್ಟು ಮಲಗಬೇಡಿ. ಬೆಳಿಗ್ಗೆ ಶುರು ಮಾಡಿ ಸಂಜೆ ತೆಗೆದು ಮಾರನೇ ದಿನ ಮುಂದುವರಿಸಿದರೂ ಲೆಕ್ಕ ತಪ್ಪುವುದಿಲ್ಲ.

ಒಂದು ಶಂಟ್ ಮೀಟರನ್ನೂ ಬ್ಯಾಟರಿಯ ಜೊತೆಗೇ ಕೊಳ್ಳಿ. ಲೆಡ್-ಆಸಿಡ್‌ನಲ್ಲಿ ವೋಲ್ಟ್ ನೋಡಿದರೆ ಸ್ಥಿತಿ ತಿಳಿಯುತ್ತಿತ್ತು, 12.7 ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಎಲ್‌ಎಫ್‌ಪಿ ಹಾಗೆ ಬಾಯಿ ಬಿಡುವುದಿಲ್ಲ. ಬಹುತೇಕ ದಾರಿಯುದ್ದಕ್ಕೂ 13ರ ಆಸುಪಾಸಿನಲ್ಲೇ ನಿಂತು, ಕೊನೆಗೆ ಒಮ್ಮೆಲೇ ಬೀಳುತ್ತದೆ. ಶಂಟ್ ಮೀಟರ್ ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ಎಣಿಸುತ್ತದೆ. ಹಾಲಿನ ಡೈರಿಯ ಪುಸ್ತಕದ ಹಾಗೆ.

ತುಂಬುವುದು ಎಲ್ಲಿಂದ? ಮೊದಲು ಎಂಜಿನ್

ಇಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ದಿನಾ ಊರು ಬದಲಿಸುವವರು ಸೋಲಾರ್ ಆಮೇಲೆ ಹಾಕಿದರೂ ನಡೆಯುತ್ತದೆ. ಮೊದಲು ಎಂಜಿನ್ನಿನಿಂದ ತುಂಬುವ ವ್ಯವಸ್ಥೆ ಮಾಡಿ. ಅದಕ್ಕೆ ಬೇಕಾದ್ದು ಡಿಸಿ-ಡಿಸಿ ಚಾರ್ಜರ್ ಅನ್ನುವ ಸಣ್ಣ ಪೆಟ್ಟಿಗೆ. ಎಂಜಿನ್ ಜೊತೆ ತಿರುಗಿ ಕರೆಂಟು ಮಾಡುವ ಗಾಡಿಯ ಆಲ್ಟರ್ನೇಟರಿನಿಂದ ಬಂದ ಕರೆಂಟನ್ನು ಹದ ಮಾಡಿ ಹಿಂದಿನ ಬ್ಯಾಟರಿಗೆ ಕೊಡುತ್ತದೆ. ನಮ್ಮದು 20 ಆಂಪಿನದು. ಗಂಟೆಗೆ ಸುಮಾರು 270 ವ್ಯಾಟ್-ಅವರ್ ಬರುತ್ತದೆ. 700ನ್ನು 270ರಿಂದ ಭಾಗಿಸಿ, ಎರಡೂವರೆ ಗಂಟೆ ಚಿಲ್ಲರೆ. ಶಿರಸಿಯಿಂದ ಹುಬ್ಬಳ್ಳಿ ದಾಟುವಷ್ಟರಲ್ಲಿ ಒಂದು ದಿನದ ಊಟ ಆಯಿತು. ಹೊಸಪೇಟೆ ಮುಟ್ಟುವಾಗ ಬ್ಯಾಟರಿ ಹೆಚ್ಚುಕಡಿಮೆ ತುಂಬಿರುತ್ತದೆ. ಮಳೆ, ಮೋಡ, ಮರದ ನೆರಳು ಯಾವುದೂ ಅಡ್ಡ ಬರುವುದಿಲ್ಲ.

"ಅದೆಲ್ಲ ಯಾಕೆ ಅಕ್ಕೋರೆ, ಒಂದು ರಿಲೇ ಹಾಕಿ ಎರಡೂ ಬ್ಯಾಟರಿ ಸೇರಿಸಿಬಿಡುವ" ಅಂದ ನಮ್ಮ ಆಟೋ ಎಲೆಕ್ಟ್ರಿಷಿಯನ್. ನನ್ನ ಹಳೇ ವಿದ್ಯಾರ್ಥಿ. ಹತ್ತನೇ ಕ್ಲಾಸಿನಲ್ಲಿ ಗಣಿತ ಪಾಸಾಗಿದ್ದೇ ಕಷ್ಟದಲ್ಲಿ, ವಯರಿಂಗ್‌ನಲ್ಲಿ ಮಾತ್ರ ಈಗ ನನಗೇ ಪಾಠ ಹೇಳುತ್ತಾನೆ. ಟ್ಯೂಬ್ಯುಲರ್ ಇದ್ದಾಗ ಅವನ ರಿಲೇ, ಅಂದರೆ ತಾನಾಗಿ ಸೇರಿಸಿ ಬಿಡಿಸುವ ಸ್ವಿಚ್ಚು, ನಡೆದಿತ್ತು. ಲಿಥಿಯಂಗೆ ನಡೆಯುವುದಿಲ್ಲ. ಅದು ಹಸಿದ ಕರುವಿನ ಹಾಗೆ, ಸಿಕ್ಕಿದಷ್ಟೂ ಎಳೆಯುತ್ತದೆ. ನಿಂತಲ್ಲೇ ಎಂಜಿನ್ ಓಡುತ್ತಿದ್ದರೆ ಆಲ್ಟರ್ನೇಟರಿಗೆ ಗಾಳಿಯೂ ಕಡಿಮೆ, ಬಿಸಿಯಾಗಿ ಸುಟ್ಟುಹೋಗಬಹುದು. ಹೊಸ ಬಿಎಸ್-6 ಗಾಡಿಗಳಲ್ಲಿ ಇನ್ನೊಂದು ತೊಡಕಿದೆ. ಹಲವದರಲ್ಲಿ ಆಲ್ಟರ್ನೇಟರಿನ ವೋಲ್ಟನ್ನು ಕಂಪ್ಯೂಟರ್ ಏರಿಸಿ ಇಳಿಸಿ ಆಡಿಸುತ್ತದೆ. ರಿಲೇಗೆ ಆ ಆಟ ತಿಳಿಯುವುದಿಲ್ಲ.

ಚಾರ್ಜರ್ ಎಷ್ಟು ಆಂಪಿನದು ಇರಬೇಕು? ಆಲ್ಟರ್ನೇಟರ್ ಮೇಲೆ ಬರೆದ ಅಂಕಿಯ ಮೂರನೇ ಒಂದು ಭಾಗ ದಾಟಬೇಡಿ. ಇದು ನನ್ನ ಅಂಜುಬುರುಕ ಲೆಕ್ಕ, ಇದರಿಂದ ಯಾರಿಗೂ ತೊಂದರೆ ಆಗಿಲ್ಲ. ಇಗ್ನಿಷನ್ ಆನ್ ಇದ್ದಾಗ ಮಾತ್ರ ಕೆಲಸ ಮಾಡುವಂತೆ ತಂತಿ ಕೊಡಿಸಿ. ಇಲ್ಲದಿದ್ದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೆ ಊರವರೆಲ್ಲ ಸೇರಿ ತಳ್ಳಬೇಕಾಗುತ್ತದೆ. ಬರೀ ಚಾರ್ಜಿಗಾಗಿ ಗಾಡಿ ನಿಲ್ಲಿಸಿ ಎಂಜಿನ್ ಓಡಿಸುವುದು ಮಾತ್ರ ದಂಡ. ಪೆಟ್ರೋಲೂ ಹೋಯಿತು, ಅಕ್ಕಪಕ್ಕದವರ ನಿದ್ದೆಯೂ ಹೋಯಿತು.

ಸೋಲಾರ್, ಬಿಸಿಲಿದ್ದಲ್ಲಿ

ಪಾವಗಡದಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಆಗುಂಬೆಯಲ್ಲಿ ಯಾಕೆ ಕಟ್ಟಲಿಲ್ಲ? ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಗಾಡಿಯ ಮೇಲಿನ ಪ್ಯಾನೆಲ್ಲಿಗೂ ಇದೇ ನ್ಯಾಯ. ನಮ್ಮ ಕಡೆ ಸುಲಭದ ಅಳತೆ ಒಂದಿದೆ. ಅಂಗಳದಲ್ಲಿ ಅಡಿಕೆ ಒಣಗದ ದಿನ ಪ್ಯಾನೆಲ್ಲೂ ದುಡಿಯುವುದಿಲ್ಲ.

ಲೆಕ್ಕ ಹೀಗೆ. ನಮ್ಮದು 335 ವ್ಯಾಟಿನ ಒಂದೇ ಪ್ಯಾನೆಲ್. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, 22 ಕಿಲೋ, ಈಕೊದ ತಲೆ ಮೇಲೆ ಸರಿಯಾಗಿ ಕೂರುತ್ತದೆ. ಬಯಲುಸೀಮೆಯ ಒಳ್ಳೆ ಬಿಸಿಲನ್ನು ಐದು ಗಂಟೆ ಅಂತ ಹಿಡಿಯಿರಿ. ಬೆಳಗಿನಿಂದ ಸಂಜೆವರೆಗೆ ಬಿಸಿಲಿದ್ದರೂ ಪೂರ್ತಿ ತೀಕ್ಷ್ಣತೆಯ ಲೆಕ್ಕದಲ್ಲಿ ಅಷ್ಟೇ. ಬಿಸಿ, ಧೂಳು, ವಯರು, ಮಲಗಿಸಿದ ಕೋನ ಎಲ್ಲ ಸೇರಿ ನೂರಕ್ಕೆ 30 ಕಳೆಯಿರಿ. 335ನ್ನು 5ರಿಂದ, ಆಮೇಲೆ 0.7ರಿಂದ ಗುಣಿಸಿದರೆ 1170. ಹಂಪಿಯಲ್ಲಿ ಇದು ನಿಜಕ್ಕೂ ಸಿಕ್ಕಿದೆ. ಜುಲೈನಲ್ಲಿ ಶಿರಸಿಯಲ್ಲಿ ಒಂದು ದಿನ 260 ಬಂತು, ಇನ್ನೊಂದು ದಿನ 190. ಫ್ರಿಜ್ಜಿಗೂ ಸಾಲದು.

ಬಿಸಿ ಜಾಸ್ತಿ ಅಂದರೆ ಕರೆಂಟು ಜಾಸ್ತಿ ಅಂತಲೂ ಅಲ್ಲ. ಪ್ಯಾನೆಲ್ ಮೇಲೆ ಬರೆದ ವ್ಯಾಟು ಸೆಲ್ 25 ಡಿಗ್ರಿ ಇದ್ದಾಗಿನದು. ಬೇಸಿಗೆಯಲ್ಲಿ ಅದು 65 ಮುಟ್ಟುತ್ತದೆ. ಒಂದೊಂದು ಡಿಗ್ರಿಗೆ ನೂರಕ್ಕೆ 0.4ರಷ್ಟು ಇಳಿದರೆ 40 ಡಿಗ್ರಿಗೆ 16. ಅದಕ್ಕೇ ಪ್ಯಾನೆಲ್ಲನ್ನು ತಗಡಿಗೆ ಅಂಟಿಸಬೇಡಿ, ಕೆಳಗೆ ಎರಡು ಮೂರು ಇಂಚು ಗಾಳಿ ಹೋಗಲು ಬಿಡಿ. ಅಂಟಿಸುವ ತೆಳು ಪ್ಯಾನೆಲ್ಲುಗಳು ನೋಡಲು ಚಂದ, ನಮ್ಮ ಬಿಸಿಲಿಗೆ ನಾನು ಒಪ್ಪುವುದಿಲ್ಲ.

ನೆರಳು ಇನ್ನೂ ದೊಡ್ಡ ಕಳ್ಳ. ಒಂದು ಪ್ಯಾನೆಲ್ಲಿನ ಸೆಲ್‌ಗಳೆಲ್ಲ ಸಾಲಾಗಿ ಕೈ ಹಿಡಿದು ನಿಂತಿರುತ್ತವೆ. ಒಂದರ ಮೇಲೆ ನೆರಳು ಬಿದ್ದರೆ ಆ ಸಾಲಿಡೀ ಕೂರುತ್ತದೆ. ಸಾಮಾನ್ಯ ಪ್ಯಾನೆಲ್ಲಿನಲ್ಲಿ ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟು ದಾಟಿಸುವ ಮೂರು ಬೈಪಾಸ್ ಡಯೋಡ್ ಇರುತ್ತವೆ, ಹಾಗಾಗಿ ಒಂದು ತೆಂಗಿನ ಗರಿ ಮೂರನೇ ಒಂದು ಪಾಲು ತಿನ್ನಬಹುದು. ಆದರೆ ನಮಗೆ ಗಾಡಿ ನಿಲ್ಲಿಸಬೇಕು ಅನಿಸುವುದು ಯಾವಾಗಲೂ ಮರದ ಕೆಳಗೇ! ಈ ಜಗಳಕ್ಕೆ ನಮ್ಮ ರಾಜಿ, ಮಡಚುವ 100 ವ್ಯಾಟಿನ ಇನ್ನೊಂದು ಪ್ಯಾನೆಲ್. ಗಾಡಿ ನೆರಳಲ್ಲಿ, ಅದು ಬಿಸಿಲಲ್ಲಿ, ಮಧ್ಯೆ ಎಂಟು ಮೀಟರ್ ವಯರು. ಬಾದಾಮಿಯಲ್ಲಿ ಅದನ್ನು ಹರಡಬೇಡಿ. ಮಂಗಗಳು ಹೊತ್ತೊಯ್ಯದಿದ್ದರೂ ಮೇಲೆ ಕೂತು ಸಭೆ ನಡೆಸುತ್ತವೆ.

ಇನ್ನು ನನ್ನ ಎರಡನೇ ತಪ್ಪು. ಪ್ಯಾನೆಲ್ ಜೊತೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಸಣ್ಣ ಕಂಟ್ರೋಲರ್ ತಂದೆ, ಪ್ಯಾನೆಲ್ಲಿನ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಕೊಡುವ ಪೆಟ್ಟಿಗೆ, 900 ರೂಪಾಯಿ. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಅಳೆದರೆ 115 ವ್ಯಾಟ್. ಪ್ಯಾನೆಲ್ ಕೆಟ್ಟಿದೆ ಅಂತ ಒಂದು ವಾರ ಬೈದೆ. ಕೆಟ್ಟಿರಲಿಲ್ಲ. ಆ ಕಂಟ್ರೋಲರ್ ಪಿಡಬ್ಲ್ಯೂಎಂ ಜಾತಿಯದು. ಪ್ಯಾನೆಲ್ 38 ವೋಲ್ಟಿನಲ್ಲಿ 8.9 ಆಂಪ್ ಕೊಡುತ್ತಿತ್ತು. ಪಿಡಬ್ಲ್ಯೂಎಂ ಅದನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು, ಆಂಪ್ ಅಷ್ಟೇ ಉಳಿಸಿತು. 8.9ನ್ನು 13ರಿಂದ ಗುಣಿಸಿ, ನೀವೇ ನೋಡಿ. ಎಂಪಿಪಿಟಿ ಕಂಟ್ರೋಲರ್ ಹೆಚ್ಚುವರಿ ವೋಲ್ಟನ್ನು ಆಂಪ್ ಮಾಡಿ ಕೊಡುತ್ತದೆ. ಬದಲಿಸಿದ ದಿನ ಅದೇ ಬಿಸಿಲಲ್ಲಿ 270 ಬಂತು. ಮನೆ ಮೇಲೆ ಹಾಕುವ ದೊಡ್ಡ ಪ್ಯಾನೆಲ್ ವ್ಯಾಟಿಗೆ ಅಗ್ಗ, ಅದನ್ನೇ ತಗೊಳ್ಳಿ. ಆದರೆ ಎಂಪಿಪಿಟಿ ಇಲ್ಲದೆ ತಗೊಳ್ಳಬೇಡಿ. ಅದರ ಮೇಲೆ 100/30 ಅಂತ ಬರೆದಿದ್ದರೆ ಪ್ಯಾನೆಲ್ ಕಡೆಯಿಂದ 100 ವೋಲ್ಟ್ ದಾಟಬಾರದು, ಬ್ಯಾಟರಿಗೆ 30 ಆಂಪ್ ಕೊಡುತ್ತದೆ ಅಂತ ಅರ್ಥ. ಇದನ್ನೆಲ್ಲ ಅಳೆಯಲು ವಯರಿನ ಸುತ್ತ ಕಚ್ಚಿಸಿ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು. ಅಗ್ಗದವು ಮನೆಯ ಎಸಿ ಕರೆಂಟು ಮಾತ್ರ ಅಳೆಯುತ್ತವೆ, ಕೇಳಿ ಕೊಳ್ಳಿ.

ಮಿಕ್ಕ ದಾರಿಗಳು

ಹೋಂಸ್ಟೇ, ಯಾತ್ರಿ ನಿವಾಸ, ನೆಂಟರ ಮನೆ, ಎಲ್ಲಾದರೂ ಒಂದು ಪ್ಲಗ್ ಸಿಕ್ಕರೆ 14.6 ವೋಲ್ಟಿನ ಎಲ್‌ಎಫ್‌ಪಿ ಚಾರ್ಜರ್ ಹಚ್ಚಿ ರಾತ್ರಿ ಮಲಗಿದರೆ ಆಯಿತು. ಎರಡು ಯೂನಿಟ್ ಕೂಡ ಆಗುವುದಿಲ್ಲ. ಕೇಳಿ ಹಚ್ಚಿ, ದುಡ್ಡು ಕೊಡಿ. ಮೂರು ಪಿನ್ನಿನ ಟೆಸ್ಟರ್ ಒಂದು ಜೊತೆಗಿರಲಿ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಅರ್ಥಿಂಗೇ ಇರುವುದಿಲ್ಲ, ಕಬ್ಬಿಣದ ಗಾಡಿಯೊಳಗೆ ಮಲಗುವವರಿಗೆ ಅದು ಸಣ್ಣ ವಿಷಯವಲ್ಲ.

ಜನರೇಟರ್ ನನಗೆ ಬೇಡ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಇಟ್ಟುಕೊಳ್ಳುವುದೇ ಆದರೆ ಗಾಡಿಯಿಂದ ದೂರ, ಗಾಳಿ ಬೀಸಿ ಹೋಗುವ ದಿಕ್ಕಿನಲ್ಲಿ ಇಡಿ.

ವರ್ಷಕ್ಕೆ ನಾಲ್ಕು ಸಲ ಹೋಗುವವರಾದರೆ ಬ್ಯಾಟರಿ, ಇನ್ವರ್ಟರ್, ಚಾರ್ಜರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿರುವ ಪವರ್ ಸ್ಟೇಷನ್ ಸಾಕು. ವಯರಿಂಗ್ ಇಲ್ಲ, ಮನೆಯಲ್ಲೂ ಕರೆಂಟು ಹೋದಾಗ ಬಳಸಬಹುದು. ಒಂದು ಭಾಗ ಕೆಟ್ಟರೆ ಇಡೀ ಪೆಟ್ಟಿಗೆ ರಿಪೇರಿಗೆ ಹೋಗುತ್ತದೆ, ಅದೊಂದೇ ಕಿರಿಕಿರಿ. ನನ್ನ ಮಗಳಿಗೆ ಅದನ್ನೇ ತಗೊಳ್ಳಲು ಹೇಳಿದೆ.

ವಯರು, ಫ್ಯೂಜು, ಇನ್ವರ್ಟರು

ಡಿಸಿ-ಡಿಸಿ ಚಾರ್ಜರ್ ಹಾಕಿಸಿದ ಮೊದಲ ದಿನ ಅದು ಆನ್ ಆಗಿ ಆಫ್ ಆಗಿ ಕಣ್ಣಾಮುಚ್ಚಾಲೆ ಆಡಿತು. ಮನೆಯ ಪ್ಲಗ್‌ಗೆ ಎಳೆಯುವ 2.5 ಸ್ಕ್ವೇರ್ ಎಂಎಂ ವಯರನ್ನೇ ಎಳೆದಿದ್ದೆವು. ಮುಂದಿನಿಂದ ಹಿಂದಕ್ಕೆ ನಾಲ್ಕು ಮೀಟರ್, ಹೋಗಿ ಬರುವ ದಾರಿ ಎಂಟು. 23 ಆಂಪ್ ಹರಿದಾಗ ವಯರಿನಲ್ಲೇ 1.3 ವೋಲ್ಟ್ ಬಿದ್ದುಹೋಗುತ್ತದೆ. ಮುಂದೆ 13.8 ಇದ್ದದ್ದು ಹಿಂದೆ 12.5. ಎಂಜಿನ್ ಆಫ್ ಆಗಿದೆ ಅಂತ ಚಾರ್ಜರ್ ತಿಳಿದುಕೊಳ್ಳುತ್ತಿತ್ತು. 16 ಸ್ಕ್ವೇರ್‌ನದು ಹಾಕಿದ ಮೇಲೆ ಬೀಳುವುದು 0.2 ಮಾತ್ರ. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದರೆ ಗೊತ್ತಾಗುವುದಿಲ್ಲ, 12ರಲ್ಲಿ ಒಂದು ಹೋದರೆ ಹನ್ನೆರಡನೇ ಒಂದು ಪಾಲು ಹೋಯಿತು. ಕೊಳ್ಳುವಾಗ ಎಳೆಯನ್ನು ಚಾಕುವಿನಲ್ಲಿ ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣ, ಒಳಗೆ ಅಲ್ಯೂಮಿನಿಯಂ ಇರುವವೂ ಸಿಗುತ್ತವೆ.

ಫ್ಯೂಜ್ ಇರುವುದು ವಯರನ್ನು ಕಾಯಲು. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಇರಬೇಕು. ಡಿಸಿ-ಡಿಸಿ ಚಾರ್ಜರಿನ ವಯರಿಗೆ ಎರಡೂ ತುದಿಯಲ್ಲಿ ಬೇಕು, ಯಾಕೆಂದರೆ ಎರಡೂ ತುದಿಯಲ್ಲಿ ಬ್ಯಾಟರಿ ಇದೆ. ಮನೆಯ ಬೋರ್ಡಿನಲ್ಲಿರುವ ಎಸಿ ಎಂಸಿಬಿ ಸ್ವಿಚ್ಚನ್ನು ಇಲ್ಲಿ ಹಾಕಬೇಡಿ. ಡಿಸಿ ಕಿಡಿ ತಾನಾಗಿ ಆರುವುದಿಲ್ಲ, ಡಿಸಿಗೆಂದೇ ಮಾಡಿದ್ದನ್ನು ಕೇಳಿ. ತಗಡಿನ ತೂತಿನಲ್ಲಿ ವಯರು ಹಾಯುವಲ್ಲೆಲ್ಲ ರಬ್ಬರ್ ಬಳೆ (ಗ್ರಾಮೆಟ್) ಹಾಕಿಸಿ. ಗಾಡಿ ಅಲ್ಲಾಡಿ ಅಲ್ಲಾಡಿ ತಗಡು ಇನ್ಸುಲೇಷನ್ ಕೊರೆಯುತ್ತದೆ, ಬೆಂಕಿ ಶುರುವಾಗುವುದು ಅಲ್ಲೇ. ಬ್ಯಾಟರಿಯನ್ನು ಬೋಲ್ಟ್ ಹಾಕಿ ಕಟ್ಟಿ. ಜೋರಾಗಿ ಬ್ರೇಕ್ ಹಾಕಿದರೆ 15 ಕಿಲೋ ಹಾರಿ ಬರುತ್ತದೆ.

ಇನ್ವರ್ಟರ್ ಆದಷ್ಟು ಸಣ್ಣದಿರಲಿ, ಮನೆಯ ಕರೆಂಟಿನಂಥದ್ದೇ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇರಲಿ. ನಮ್ಮದು 1000 ವ್ಯಾಟ್. ಮಿಕ್ಸಿಗೆ ಮಾತ್ರ. ಏನೂ ಹಚ್ಚದಿದ್ದರೂ ಸುಮ್ನೆ ಆನ್ ಇದ್ದರೆ 15 ವ್ಯಾಟ್ ತಿನ್ನುತ್ತದೆ. ರಾತ್ರಿ ಆರಿಸಲು ಮರೆತರೆ 150 ಹೋಯಿತು, ಫ್ಯಾನಿಗಿಂತ ಜಾಸ್ತಿ. ಫ್ರಿಜ್, ಫ್ಯಾನು, ದೀಪ, ಮೊಬೈಲು ಎಲ್ಲ ನೇರ 12 ವೋಲ್ಟಿನಲ್ಲೇ ಓಡಲಿ. ಇಂಡಕ್ಷನ್ ಒಲೆ ಕೇಳುವವರಿಗೆ ಒಂದು ಮಾತು. 1500 ವ್ಯಾಟನ್ನು 12.8ರಿಂದ ಭಾಗಿಸಿದರೆ 117 ಆಂಪ್, ಇನ್ವರ್ಟರಿನ ನಷ್ಟ ಸೇರಿ 130. ನಮ್ಮ ಬಿಎಂಎಸ್ 100ಕ್ಕೇ ಕಡಿಯುತ್ತದೆ. ಅನ್ನ ಅರ್ಧ ಬೆಂದಾಗ ಫ್ರಿಜ್ಜೂ ಆರಿಹೋಗುತ್ತದೆ. ಸಣ್ಣ ಗ್ಯಾಸ್ ಒಲೆಯನ್ನು ಬಾಗಿಲು ತೆರೆದಿಟ್ಟು ಹಚ್ಚುತ್ತೇನೆ.

ಗಾಡಿಗೆ ಏನೇ ಮಾಡುವ ಮೊದಲು ಆರ್‌ಟಿಒ ಮತ್ತು ವಿಮೆಯವರನ್ನು ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರೂಪ ಬದಲಿಸುವುದರ ಬಗ್ಗೆಯೇ ಇದೆ. ಎಲ್ಲವನ್ನೂ ಬಿಚ್ಚಿ ತೆಗೆಯುವ ಹಾಗೆ ಮಾಡಿಸಿದರೆ ಮಾತಾಡಲು ಸುಲಭ.

ಮಳೆಗಾಲಕ್ಕೆ ಗಾಡಿ ಕೊಟ್ಟಿಗೆ ಸೇರಿದಾಗ ಎಲ್‌ಎಫ್‌ಪಿಯನ್ನು ಪೂರ್ತಿ ತುಂಬಿಡಬೇಡಿ. ಅರ್ಧಕ್ಕಿಂತ ಸ್ವಲ್ಪ ಮೇಲೆ ಬಿಟ್ಟು ಮೈನಸ್ ಬಿಚ್ಚಿಡಿ. ನಾನು ಎರಡು ತಿಂಗಳಿಗೊಮ್ಮೆ ಮೀಟರ್ ಇಟ್ಟು ನೋಡಿ, ವೋಲ್ಟನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಈ ಸಲ ಜೂನ್‌ನಲ್ಲಿ 13.18, ಆಗಸ್ಟ್‌ನಲ್ಲಿ 13.17. ಇನ್ಸುಲಿನ್ ಅಷ್ಟು ದಿನ ಅಡುಗೆಮನೆಯ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಪಕ್ಕ.